ಅಕ್ಕಿಯ ಮೇಲೆ ಬರೆದ ಹೆಸರು

ನನ್ನ ತಾಯಿತಂದೆಯರ ಲಗ್ನವಾದುದು 1962ರಲ್ಲಿ. ಅದು ಸರಕಾರದ ಪುಸ್ತಕದಲ್ಲಿ ದಾಖಲಾದುದು 2018ರಲ್ಲಿ. ನಡುವಿನ ಐವತ್ತಾರು ವರುಷ ಅವರು ಯಾವ ಕಾಗದದ ಹಂಗೂ ಇಲ್ಲದೆ ಸಂಸಾರ ನಡೆಸಿದರು. ನಾಲ್ವರು ಮಕ್ಕಳನ್ನು ಸಾಕಿ ದೊಡ್ಡವರನ್ನಾಗಿ ಮಾಡಿದರು. ಇದನ್ನು ಕೇಳಿ ಬೆಂಗಳೂರಿನ ಮಿತ್ರರೊಬ್ಬರು, "ಹಾಗಾದರೆ ನೀವೆಲ್ಲ ಮದುವೆಗೆ ಮೊದಲೇ ಹುಟ್ಟಿದವರೋ?" ಎಂದು ನಗೆಯಾಡಿದರು. ನಾನೂ ನಕ್ಕೆ. ಆದರೆ ಆ ಕಾಗದಕ್ಕಾಗಿ ಅಲೆದ ಮೂರು ತಿಂಗಳಲ್ಲಿ ನಗುವ ಸಂದರ್ಭ ಹೆಚ್ಚಾಗಿ ಒದಗಿರಲಿಲ್ಲ.

ನಮ್ಮ ಊರು ಉತ್ತರ ಕನ್ನಡ ಜಿಲ್ಲೆಯಲ್ಲಿ, ಅಘನಾಶಿನಿ ಹೊಳೆ ಕಡಲನ್ನು ಸೇರುವಲ್ಲಿಗೆ ಸಮೀಪ. ಮುಂದೆ ಕಡಲು, ಪಕ್ಕದಲ್ಲಿ ಹೊಳೆ, ಬೆನ್ನಿಗೆ ಗುಡ್ಡ. ಭರತದ ಹೊತ್ತಿಗೆ ಉಪ್ಪುನೀರು ಹೊಳೆಯಲ್ಲಿ ಬಹುದೂರ ಏರಿಬರುತ್ತದೆ. ಆ ಉಪ್ಪನ್ನು ತಾಳಿಕೊಂಡು ಬೆಳೆಯುವ ಕಗ್ಗವೆಂಬ ಭತ್ತವನ್ನು ದಂಡೆಯ ಗಜನಿ ಗದ್ದೆಗಳಲ್ಲಿ ಬಿತ್ತುತ್ತಾರೆ. ನಮ್ಮ ಕರಾವಳಿಯ ಉದ್ದಕ್ಕೂ ಕೊಂಕಣ ರೈಲು ಓಡತೊಡಗಿದುದು 1998ರಲ್ಲಿ. ಆಯಿಯ ಲಗ್ನದ ಕಾಲಕ್ಕೆ ನಮ್ಮೂರಿಗೆ ಬಸ್ಸೂ ಇರಲಿಲ್ಲ. ಹೆಣ್ಣು ಕೊಡುವುದೂ ಹೆಣ್ಣು ತರುವುದೂ ತಾರಿಯ ದೋಣಿಯ ಮೇಲೆ. ಆಯಿಯ ತವರು ಹೊಳೆಯ ಆಚೆಯ ದಂಡೆ.

ನಮ್ಮ ಸಾರಸ್ವತ ಮನೆತನಗಳಲ್ಲಿ ಒಂದು ಪದ್ಧತಿಯಿದ್ದಿತು. ಮದುಮಗಳು ಮನೆ ತುಂಬಿದ ಮೇಲೆ ಹರಿವಾಣದಲ್ಲಿ ಅಕ್ಕಿ ಹರಡಿ, ಮದುಮಗನು ಉಂಗುರದ ತುದಿಯಿಂದ ಅದರ ಮೇಲೆ ಅವಳ ಹೊಸ ಹೆಸರನ್ನು ಬರೆಯುವನು. ಅಂದಿನಿಂದ ತವರಿನ ಹೆಸರು ತವರಿಗೇ ಉಳಿಯಿತು. ನನ್ನ ಆಯಿ ಆಚೆಯ ದಂಡೆಯಲ್ಲಿ ನದಿಯ ಹೆಸರಿನವಳಾಗಿ ದೋಣಿ ಹತ್ತಿದಳು. ಈಚೆಯ ದಂಡೆಯಲ್ಲಿ ದೇವಿಯ ಹೆಸರಿನವಳಾದಳು. ಅಪ್ಪ ಬರೆದ ಆ ಅಕ್ಕಿಯನ್ನು ಮರುದಿನವೇ ಪಾಯಸ ಮಾಡಿ ಬಡಿಸಿದರಂತೆ!

2017ರ ಮಳೆಗಾಲದಲ್ಲಿ ಅಪ್ಪನಿಗೆ ಎದೆನೋವು ಬಂದಿತು. ಚೇತರಿಸಿಕೊಂಡು ಮನೆಗೆ ಬಂದವರು ಮಾಡಿದ ಮೊದಲ ಕೆಲಸವೆಂದರೆ ಹಳೆಯ ಟ್ರಂಕನ್ನು ಇಳಿಸಿ ಕಾಗದಪತ್ರಗಳನ್ನು ಹರವಿಕೊಂಡು ಕುಳಿತುದು. ಶಾಲಾ ಮಾಸ್ತರರಾಗಿದ್ದವರು, ಲೆಕ್ಕ ತಾಳೆಯಾಗದಿದ್ದರೆ ನಿದ್ದೆ ಬಾರದು. ಪಿಂಚಣಿಯ ಕಾಗದದಲ್ಲಿ ಆಯಿಯ ಹೆಸರು ದೇವಿಯದು. ಅವಳ ಶಾಲೆಯ ದಾಖಲೆಯಲ್ಲಿ, ಅವಳ ತಾಯಿ ಬಿಟ್ಟುಹೋದ ತುಂಡು ಗಜನಿಯ ಪತ್ರದಲ್ಲಿ ನದಿಯ ಹೆಸರು.

"ನಾನು ಹೋದ ಮೇಲೆ ಈ ಇಬ್ಬರೂ ಒಬ್ಬಳೇ ಎಂದು ಯಾರು ಹೇಳಬೇಕು?" ಎಂದರು ಅಪ್ಪ.

"ಊರಿಗೆಲ್ಲ ಗೊತ್ತಿದೆಯಲ್ಲ!" ಎಂದಳು ಆಯಿ.

"ಊರನ್ನು ಕಡತದಲ್ಲಿ ಕಟ್ಟಿಡಲಿಕ್ಕೆ ಬರುವುದಿಲ್ಲ," ಎಂದರು ಅಪ್ಪ.

ಇದು ನಮ್ಮ ಮನೆಯೊಂದರ ಗೋಳಲ್ಲ. ನಮ್ಮ ನೆರೆಯ ಕ್ರೈಸ್ತರ ಲಗ್ನ ಇಗರ್ಜಿಯ ಪುಸ್ತಕದಲ್ಲಿ ದಾಖಲಾಗಿರುತ್ತದೆ. ಅವರ ವಿವಾಹದ ಕಾನೂನು 1872ರಷ್ಟು ಹಳೆಯದು. ಮುಸಲ್ಮಾನ ನೆರೆಯವರ ನಿಕಾಹ್ ಅವರ ಜಮಾತಿನ ಪುಸ್ತಕದಲ್ಲಿ ಸಿಗುತ್ತದೆ. ನಾವು ಮಾತ್ರ ಅಗ್ನಿಯನ್ನು ಸಾಕ್ಷಿಗೆ ಕರೆದು, ಮರುದಿನ ಬೂದಿಯನ್ನು ಹೊಳೆಗೆ ಬಿಟ್ಟು ಕೈ ತೊಳೆದುಕೊಂಡವರು! 1955ರ ಹಿಂದೂ ವಿವಾಹ ಕಾಯಿದೆ ನೋಂದಣಿಗೆ ಅವಕಾಶ ಮಾಡಿಕೊಟ್ಟಿತಾದರೂ, ನೋಂದಾಯಿಸದ ಮಾತ್ರಕ್ಕೆ ಲಗ್ನ ಅಸಿಂಧುವಾಗದೆಂದೂ ಹೇಳಿತು. ಸಪ್ತಪದಿ ತುಳಿಯುವವರಲ್ಲಿ ಏಳನೆಯ ಹೆಜ್ಜೆಗೇ ಲಗ್ನ ಪೂರ್ಣ. ಎಲ್ಲ ಧರ್ಮದವರ ವಿವಾಹಗಳ ನೋಂದಣಿಯನ್ನೂ ಕಡ್ಡಾಯ ಮಾಡಬೇಕೆಂದು ಸುಪ್ರೀಂ ಕೋರ್ಟು ರಾಜ್ಯಗಳಿಗೆ ಆದೇಶವಿತ್ತುದು 2006ರಲ್ಲಿ. ಅಷ್ಟರಲ್ಲಿ ನಮ್ಮ ಆಯಿ ಅಜ್ಜಿಯಾಗಿದ್ದಳು.

ಪೇಟೆಯ ಉಪನೋಂದಣಾಧಿಕಾರಿಗಳು ತರುಣರು, ಸೌಜನ್ಯವಂತರು. ಬೇಕಾದುದನ್ನೆಲ್ಲ ಚೀಟಿಯಲ್ಲಿ ಬರೆದುಕೊಟ್ಟರು: ವಯಸ್ಸಿನ ಪುರಾವೆ, ವಿಳಾಸದ ಪುರಾವೆ, ಇಬ್ಬರೂ ಕೂಡಿ ತೆಗೆಸಿದ ಭಾವಚಿತ್ರ, ಲಗ್ನಪತ್ರಿಕೆ, ಮತ್ತು ಲಗ್ನವನ್ನು ಕಂಡ ಮೂವರು ಸಾಕ್ಷಿಗಳು. ಗಂಡಹೆಂಡಿರಿಬ್ಬರೂ ಖುದ್ದಾಗಿ ಬಂದು ಸಹಿ ಮಾಡತಕ್ಕದ್ದು. ಕೊನೆಯ ಈ ಮಾತನ್ನು ಕೇಳಿ ನನ್ನ ಎದೆ ಧಸಕ್ಕೆಂದಿತು. ಇಬ್ಬರಲ್ಲಿ ಒಬ್ಬರು ಇಲ್ಲವಾದರೆ ಈ ಬಾಗಿಲು ಮುಚ್ಚಿತೆಂದೇ ತಿಳಿಯಬೇಕು. ಅಪ್ಪನಿಗೆ ಆಗ ಎಂಬತ್ತೊಂದು.

ಭಾವಚಿತ್ರಕ್ಕೆ ಅಪ್ಪನ ಪಕ್ಕದಲ್ಲಿ ನಿಲ್ಲಲು ಆಯಿ ಹೊಸ ಮದುಮಗಳಂತೆ ನಾಚಿದಳು. ಲಗ್ನಪತ್ರಿಕೆಯೇನೋ ಟ್ರಂಕಿನ ತಳದಲ್ಲಿ ಸಿಕ್ಕಿತು. ಆದರೆ ಇಂಗ್ಲಿಷ್ ತಾರೀಖು ಇದ್ದ ಮೂಲೆಯನ್ನೇ ಗೆದ್ದಲು ತಿಂದಿದ್ದಿತು. ಶುಭಕೃತು ಸಂವತ್ಸರ, ವೈಶಾಖ ಶುದ್ಧವೆಂಬುದು ಮಾತ್ರ ಉಳಿದಿತ್ತು, ಜೊತೆಗೆ ತಿಥಿ. ಸರಕಾರದ ನಮೂನೆಗೆ ಶುಭಕೃತು ತಿಳಿಯದು. ಕೊನೆಗೆ ದೇವಸ್ಥಾನದ ಭಟ್ಟರು ತಂದೆಯವರ ಕಾಲದ ಪಂಚಾಂಗಗಳ ಕಟ್ಟನ್ನು ಬಿಚ್ಚಿ, ಧೂಳು ಕೊಡವಿ, ತಿಥಿಯನ್ನು ಹಿಡಿದು ಮೇ ತಿಂಗಳ ತಾರೀಖನ್ನು ತೆಗೆದುಕೊಟ್ಟರು.

ಇನ್ನು ಸಾಕ್ಷಿಗಳು. ಮಂತ್ರ ಹೇಳಿದ ಪುರೋಹಿತರಿಲ್ಲ, ಧಾರೆಯೆರೆದ ಅಜ್ಜನಿಲ್ಲ. ಐವತ್ತಾರು ವರುಷಗಳಲ್ಲಿ ಚಪ್ಪರದಡಿಯ ಜನರೆಲ್ಲ ಒಬ್ಬೊಬ್ಬರಾಗಿ ಎದ್ದುಹೋಗಿದ್ದರು. ಅಪ್ಪನ ತಂಗಿಯೊಬ್ಬಳು, ನನ್ನ ಸೋದರಮಾವ, ಹೀಗೆ ಇಬ್ಬರಾದರು. ಮೂರನೆಯವರಾರು?

"ದೋಣಿ ನಡೆಸಿದವನು ಇದ್ದಾನಲ್ಲ!" ಎಂದಳು ಆಯಿ.

ನಿಜ. ಅಂದು ಇಪ್ಪತ್ತರ ಹುಡುಗನಾಗಿ ದಿಬ್ಬಣದ ದೋಣಿಗೆ ಜಲ್ಲೆ ಹಾಕಿದ ಅಂಬಿಗ ಇನ್ನೂ ಬದುಕಿದ್ದ. ಬೆಳಗಿನ ಭರತದಲ್ಲಿ ಗಂಡಿನವರನ್ನು ಆಚೆ ದಾಟಿಸಿ, ಚಪ್ಪರದಲ್ಲಿ ಲಗ್ನ ನೋಡಿ, ಊಟ ಮಾಡಿ, ಸಂಜೆಗೆ ಮದುಮಕ್ಕಳನ್ನು ಈಚೆ ತಂದವನು ಅವನೇ. ಅವಳ ಎರಡು ಹೆಸರುಗಳನ್ನೂ ಬಲ್ಲವನು ರಕ್ತಸಂಬಂಧಿಕರ ಹೊರಗೆ ಅವನೊಬ್ಬನೇ ಉಳಿದಿದ್ದನೇನೋ. ಕೇಳಿದೊಡನೆ ಒಗೆದ ಅಂಗಿ ತೊಟ್ಟು ಹೊರಟುಬಂದನು.

ಕಚೇರಿಯಲ್ಲಿ ಅಧಿಕಾರಿಗಳು ಅವನನ್ನು, "ನೀವು ಈ ಲಗ್ನವನ್ನು ಕಣ್ಣಾರೆ ಕಂಡಿದ್ದೀರಾ?" ಎಂದು ಕೇಳಿದರು.

"ನಾ ದೋಣಿ ಬಿಡದಿದ್ರೆ ಲಗ್ನ ಹ್ಯಾಂಗೆ ಆಗ್ತಿತ್ತು, ಸಾಹೇಬ್ರೇ?" ಎಂದ ಅವನು.

ಕಚೇರಿಯೆಲ್ಲ ನಕ್ಕಿತು. ಅವನು ಮಾತ್ರ ನಗಲಿಲ್ಲ. ಗಂಭೀರವಾಗಿ ಹೆಬ್ಬೆಟ್ಟನ್ನು ಒತ್ತಿದನು.

ಎರಡು ಹೆಸರುಗಳ ಗಂಟನ್ನೂ ಅಧಿಕಾರಿಗಳೇ ಬಿಡಿಸಿದರು. ಪ್ರಮಾಣಪತ್ರವೊಂದನ್ನು ಜೋಡಿಸಿ, ತವರಿನ ಹೆಸರು ಮೊದಲು, ಉರ್ಫ್ ಎಂದು ಹಾಕಿ ಗಂಡನ ಮನೆಯ ಹೆಸರು ಆಮೇಲೆ ಬರೆಯಬಹುದೆಂದರು. ಸಹಿಯೂ ಹಾಗೆಯೇ ಆಗಬೇಕು. ಆಯಿ ಲೇಖನಿ ಹಿಡಿದು ತುಸು ಹೊತ್ತು ಸುಮ್ಮನೆ ಕುಳಿತಳು. ಲಗ್ನವಾದ ಮೇಲೆ ಆ ಹೆಸರನ್ನು ಅವಳು ಒಮ್ಮೆಯೂ ಬರೆದವಳಲ್ಲ. ಬಳಿಕ ಶಾಲೆಯ ಹುಡುಗಿಯಂತೆ ಒಂದೊಂದೇ ಅಕ್ಷರವನ್ನು ದುಂಡಗೆ ತಿದ್ದಿ ನದಿಯ ಹೆಸರನ್ನು ಬರೆದಳು.

ಅಪ್ಪ ಅದನ್ನೇ ನೋಡುತ್ತಿದ್ದರು. "ಅಕ್ಷರ ಚೆನ್ನಾಗಿದೆ," ಎಂದರು, ಮಾಸ್ತರರ ಧಾಟಿಯಲ್ಲಿ. ಸ್ವಲ್ಪ ತಡೆದು, "ನಾನು ಅದನ್ನು ಬದಲಿಸಬಾರದಿತ್ತು," ಎಂದರು.

ಆಯಿ ಮರುಮಾತನಾಡಲಿಲ್ಲ. ಆದರೆ ವಾಹನ ಹತ್ತುವಾಗ ಅಪ್ಪನಿಗೆ ಆಸರೆಯಾಗಲು ನಾನು ಚಾಚಿದ ಕೈಯನ್ನು ಸರಿಸಿ, ತಾನೇ ಅವರ ತೋಳನ್ನು ಹಿಡಿದಳು.

ಅಪ್ಪ 2020ರಲ್ಲಿ ತೀರಿಕೊಂಡರು. ಪಿಂಚಣಿ ಆಯಿಯ ಹೆಸರಿಗೆ ತೊಡಕಿಲ್ಲದೆ ಬಂದಿತು; ಆಚೆಯ ದಂಡೆಯ ಗಜನಿಯೂ ಅವಳ ಹೆಸರಿಗಾಯಿತು. ಆ ಒಂದು ಕಾಗದ ಎರಡು ದಂಡೆಗಳನ್ನೂ ಕೂಡಿಸಿತು. ನಮ್ಮ ಕಾಲದ ಹೆಂಗಸರನೇಕರು ಹೀಗೆಯೇ ಎರಡು ಹೆಸರಿನವರು. ಅವರ ಹಕ್ಕೆಲ್ಲ ಆ ಎರಡರ ನಡುವಿನ ನೀರಿನಲ್ಲಿ ನಿಂತಿರುತ್ತದೆ. ದಾಟಿಸಬಲ್ಲ ಸಾಕ್ಷಿಗಳು ವರುಷವರುಷಕ್ಕೆ ಕಡಿಮೆಯಾಗುತ್ತಾರೆ. ಮನೆಯಲ್ಲಿ ಹಳೆಯ ಟ್ರಂಕು ಇದ್ದವರು ಈ ಮಾತನ್ನು ನೆನಪಿಟ್ಟರೆ ಒಳ್ಳೆಯದು. ಕೆಲಸಕ್ಕೆ ಬಿಡುವು ನಾಳೆ ಸಿಕ್ಕೀತು. ಅಂಬಿಗ ನಾಳೆಯೂ ಸಿಕ್ಕುವನೆಂದು ಹೇಳಲಾಗದು.