ಹೊರೆ ಹೊತ್ತ ಹಾದಿ: ದಿಂಬಂನಿಂದ ಕೊಯಮತ್ತೂರಿಗೆ

ಚಾಮರಾಜನಗರದಿಂದ ದಕ್ಷಿಣಕ್ಕೆ ಹೊರಟು ಪುಣಜನೂರು ದಾಟಿದರೆ ತಮಿಳುನಾಡು. ಆದರೆ ಗಡಿ ದಾಟಿದ ಕೂಡಲೇ ಕನ್ನಡ ನಮ್ಮ ಕೈಬಿಡುವುದಿಲ್ಲ. ತಾಳವಾಡಿ ಸೀಮೆಯ ಹಳ್ಳಿಗಳಲ್ಲಿ ಮನೆಮಾತು ಕನ್ನಡವೇ. ಅಲ್ಲಿನ ರೈತರು ಬೆಳೆದ ಎಲೆಕೋಸು, ಟೊಮೇಟೊ ಪಿಕಪ್ ವ್ಯಾನುಗಳಲ್ಲಿ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು ಬಯಲಿನ ಮಾರುಕಟ್ಟೆ ಸೇರುತ್ತವೆ. ಕಾಡುಪ್ರಾಣಿಗಳ ರಕ್ಷಣೆಗಾಗಿ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2022ರಲ್ಲಿ ಈ ಘಾಟಿಯ ರಾತ್ರಿ ಸಂಚಾರಕ್ಕೂ ಭಾರೀ ಲಾರಿಗಳಿಗೂ ಕಡಿವಾಣ ಬಿತ್ತು. ಹೊರೆ ಹೆಚ್ಚಿದ ಗಾಡಿಗೆ ಇಳಿಜಾರೇ ಶತ್ರು. ಬ್ರೇಕ್ ಕಾಯುತ್ತದೆ, ಕಾದ ಬ್ರೇಕ್ ಹಿಡಿಯುವುದಿಲ್ಲ.

ಬಣ್ಣಾರಿ, ಸತ್ಯಮಂಗಲ, ಪುಳಿಯಂಪಟ್ಟಿ, ಅವಿನಾಶಿ ದಾಟಿದರೆ ತಿರುಪ್ಪೂರು. ನೊಯ್ಯಲ್ ನದಿಯ ದಡದ ಈ ಊರು 2009ರಲ್ಲಿ ಜಿಲ್ಲಾಕೇಂದ್ರವಾಯಿತು. ನಾವು ತೊಡುವ ಬನಿಯನ್, ಟೀ ಶರ್ಟುಗಳ ಊರು ಇದು. ಇಲ್ಲಿ ಒಂದು ಬನಿಯನ್ ಸಾಮಾನ್ಯವಾಗಿ ಒಂದೇ ಸೂರಿನಡಿ ತಯಾರಾಗುವುದಿಲ್ಲ. ನೂಲು ಒಂದು ಕಡೆ ಬಟ್ಟೆಯಾಗುತ್ತದೆ, ಇನ್ನೊಂದು ಕಡೆ ಬಣ್ಣ ಕಾಣುತ್ತದೆ, ಮತ್ತೊಂದು ಕಡೆ ಕತ್ತರಿಸಿಕೊಂಡು ಮಗದೊಂದು ಕಡೆ ಹೊಲಿಗೆಗೆ ಹೋಗುತ್ತದೆ. ಈ ಊರನ್ನೆಲ್ಲ ಒಂದೇ ಕಾರ್ಖಾನೆಯಾಗಿ ಹೊಲಿದಿರುವ ದಾರವೆಂದರೆ ಸಾಮಾನು ಸಾಗಿಸುವ ಚಾಲಕರು. ಟಿವಿಎಸ್ ಎಕ್ಸ್‌ಎಲ್ ಮೊಪೆಡ್ಡಿನ ಮೇಲೆ ಸವಾರನ ತಲೆಗಿಂತ ಎತ್ತರದ ಗಂಟುಗಳನ್ನು ಇಲ್ಲಿ ಕಾಣಬಹುದು. ಟಾಟಾ ಏಸ್ ಗಾಡಿಗೆ ತಮಿಳರು ಇಟ್ಟ ಹೆಸರು 'ಕುಟ್ಟಿ ಯಾನೈ', ಅಂದರೆ ಮರಿಯಾನೆ. ಅದು ಹೊರಬಲ್ಲದ್ದು ಸುಮಾರು ಮುಕ್ಕಾಲು ಟನ್. ಹೆಸರು ಕೇಳಿ ಆನೆಯ ಹೊರೆ ಹೇರಿದರೆ ಹಿಂಭಾಗ ಕುಸಿಯುತ್ತದೆ, ಮುಂದಿನ ಚಕ್ರ ಹಗುರಾಗಿ ಸ್ಟಿಯರಿಂಗ್ ಮಾತು ಕೇಳುವುದಿಲ್ಲ.

ಅಲ್ಲಿಂದ ಸುಮಾರು 50 ಕಿಲೋಮೀಟರ್ ದೂರದ ಕೊಯಮತ್ತೂರಿನ ಕಥೆ ಬೇರೆ. ಅದು ಪಂಪು, ಮೋಟಾರು, ಎರಕದ ಕಬ್ಬಿಣದ ಊರು. ನಮ್ಮ ಮನೆಗಳಲ್ಲಿ ದೋಸೆ ಹಿಟ್ಟು ರುಬ್ಬುವ ಗ್ರೈಂಡರ್ ಬಹುಪಾಲು ಅಲ್ಲಿಯದೇ. ಬಟ್ಟೆಯ ಹೊರೆ ಕಣ್ಣಿಗೆ ಬೀಳುತ್ತದೆ, ಕಬ್ಬಿಣದ ಹೊರೆ ಬೀಳುವುದಿಲ್ಲ. ಗಾಡಿ ಅರ್ಧ ಖಾಲಿ ಇದ್ದಂತೆ ಕಾಣುವಾಗಲೇ ತೂಕ ಮಿತಿ ಮೀರಿರುತ್ತದೆ. ಅದನ್ನು ತಿಳಿಸುವುದು ವೇಬ್ರಿಡ್ಜಿನ ಚೀಟಿ ಮಾತ್ರ.

ನಿಯಮಗಳು ಇಲ್ಲದಿಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಯ ದುಡಿಮೆಯನ್ನೂ, ಸತತ 5 ಗಂಟೆಯ ಕೆಲಸದ ನಂತರ ಅರ್ಧ ಗಂಟೆಯ ವಿರಾಮವನ್ನೂ ಗೊತ್ತುಮಾಡಿತ್ತು. ಆದರೆ ಐದಕ್ಕಿಂತ ಕಡಿಮೆ ಕೆಲಸಗಾರರಿದ್ದ ಕಡೆ ಅದು ತಾನಾಗಿ ಅನ್ವಯಿಸುತ್ತಿರಲಿಲ್ಲ. ಅದರ ಸ್ಥಾನದಲ್ಲಿ 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಯೂ 8 ಗಂಟೆಯ ಮಿತಿಯನ್ನೇ ಹೇಳುತ್ತದೆ. ಹೆಚ್ಚು ಭಾರ ಹೇರಿದರೆ 2019ರ ತಿದ್ದುಪಡಿಯಂತೆ 20,000 ರೂಪಾಯಿ ದಂಡ. ಮೇಲಿನ ಪ್ರತಿ ಟನ್ನಿಗೆ ಇನ್ನೂ 2,000. ಹೆಚ್ಚಿನ ಸರಕು ಇಳಿಸುವವರೆಗೆ ಗಾಡಿ ಕದಲುವಂತಿಲ್ಲ.

ಈ ದಂಡ ಗಾಡಿ ಓಡಿಸಿದವನಿಗೆ ಮಾತ್ರವಲ್ಲ, ಹಾಗೆ ಓಡಿಸಲು ಹಚ್ಚಿದವನಿಗೂ ಉಂಟೆಂದು ಕಾನೂನಿನಲ್ಲೇ ಇದೆ. ಆದರೆ ದಾರಿಯಲ್ಲಿ ಸಿಕ್ಕಿಬೀಳುವವನು ಚಾಲಕ. ಟ್ರಿಪ್ಪಿಗೆ ಇಷ್ಟು ಎಂದು ಕೂಲಿ ಪಡೆಯುವವನು ಹೇರಿದ್ದನ್ನು ಬೇಡವೆಂದರೆ ಆ ಟ್ರಿಪ್ ಬೇರೆಯವರ ಪಾಲಾದೀತು. ಆದ್ದರಿಂದಲೇ ನಿಯಮ ಪಾಲನೆ ಸ್ಟಿಯರಿಂಗ್ ಹಿಡಿದ ಕೈಯಿಂದಲ್ಲ, ಗೋದಾಮಿನ ಬಾಗಿಲಲ್ಲಿ ಶುರುವಾಗಬೇಕು.

ಆತ್ಮೀಯರೇ, ನಮ್ಮ ಕುಟುಂಬಗಳಲ್ಲೂ ಚಾಲಕರಿದ್ದಾರೆ, ಅಂಗಡಿ ನಡೆಸುವವರೂ ಇದ್ದಾರೆ. ತಿರುಪ್ಪೂರಿನ ಕಾದರ್‌ಪೇಟೆಯಲ್ಲಿ ಹಬ್ಬದ ವ್ಯಾಪಾರಕ್ಕೆ ಬಟ್ಟೆ ಕೊಂಡಾಗ ಎಲ್ಲವನ್ನೂ ಒಂದೇ ಗಾಡಿಗೆ ತುಂಬಿಸುವ ಮುನ್ನ ತೂಕ ಕೇಳೋಣ. ಎರಡನೇ ಟ್ರಿಪ್ಪಿನ ಬಾಡಿಗೆ ಕೊಡೋಣ. ಸರಕು ಅರ್ಧ ದಿನ ತಡವಾದರೆ ಫೋನಿನಲ್ಲಿ ಗದರದಿರೋಣ. ಆ ಅರ್ಧ ದಿನದಲ್ಲಿ ಒಬ್ಬ ಚಾಲಕನ ಊಟವಿದೆ, ನಿದ್ದೆಯಿದೆ, ಅವನು ಮನೆ ಸೇರುವ ಭರವಸೆಯಿದೆ.