ನಮ್ಮ ಮೋಟಾರೂ ಉಪ್ಪಿನ ಋಣವೂ

ನಮ್ಮ ಮನೆಯಲ್ಲಿ ಒಂದು ಹಳೆಯ ಮೋಟಾರು ಇದೆ. ಪ್ರೀಮಿಯರ್ ಪದ್ಮಿನಿ ಎಂಬದು ಅದರ ಕಾಗದದ ಹೆಸರು. ಓಣಿಯ ಹಿರಿಯರಿಗೆಲ್ಲ ಅದು ‘ಮಾಸ್ತರರ ಫಿಯಾಟು’. ತೀರ್ಥರೂಪರು ಹೆಸರು ಬರೆಯಿಸಿ ಬಹುಕಾಲ ಕಾದು 1984ರಲ್ಲಿ ಅದನ್ನು ಕೊಂಡರು. ಆ ಜಾತಿಯ ಗಾಡಿಯ ತಯಾರಿಕೆ ನಿಂತು ಎರಡು ದಶಕಗಳು ಸಂದವು. ಕೊಂಡವರೂ ಈಗ ಇಲ್ಲ. ಗಾಡಿ ಮಾತ್ರ ಉಳಿದಿದೆ. ಅದರ ಮುಂದಿನ ಎಡಗಡೆಯ ಆಸನವು ನಮ್ಮ ಅವ್ವನದು. ಎಂಬತ್ತು ದಾಟಿದ ಆಕೆ ತನ್ನ ತವರಾದ ಭಾಲ್ಕಿಗೆ ಹೋಗುವದಾದರೆ ಆ ಆಸನದಲ್ಲಿಯೇ ಕುಳಿತು ಹೋಗಬೇಕು. ಬಸ್ಸು, ಬಾಡಿಗೆಯ ಗಾಡಿ ಯಾವದೂ ಆಗದು. ಆದಕಾರಣ ಈ ಮೋಟಾರನ್ನು ಕಾಪಾಡುವದೆಂದರೆ ಅವ್ವನ ತವರುಹಾದಿಯನ್ನೇ ಕಾಪಾಡಿದಂತೆ ಎಂದು ನಾನು ತಿಳಿದುಕೊಂಡಿದ್ದೇನೆ.

ಬೀದರವು ಜಂಬಿಟ್ಟಿಗೆಯ ದಿಬ್ಬದ ಮೇಲೆ ಕುಳಿತ ಊರು. ಇಲ್ಲಿಯ ಕೆಂಪು ಧೂಳು ಗಾಡಿಯ ಮೈಗೆ ಹತ್ತಿದರೂ ಒರೆಸಿದರೆ ಹೋಗುತ್ತದೆ. ಆದರೆ ಭಾಲ್ಕಿಯ ಕಡೆಗಾಗಲಿ, ಮಾಂಜ್ರಾ ನದಿಯನ್ನು ದಾಟಿ ಔರಾದದ ಕಡೆಗಾಗಲಿ ಇಳಿದಿರೋ, ಅದು ಎರೆಭೂಮಿ. ಮಳೆಗಾಲದಲ್ಲಿ ಹೊಲದ ದಾರಿ ಹಿಡಿದರೆ ಎರೆಮಣ್ಣು ಗಾಲಿಯ ಮೇಲಿನ ಗೂಡಿನಲ್ಲಿ ಅರಗಿನಂತೆ ಅಂಟಿಕೊಳ್ಳುತ್ತದೆ. ಹೊರಗೆ ಒಣಗಿದಂತೆ ಕಂಡರೂ ಒಳಗೆ ವಾರಗಟ್ಟಲೆ ಹಸಿಯನ್ನು ಹಿಡಿದುಕೊಂಡಿರುತ್ತದೆ. ತೀರ್ಥರೂಪರಿಗೆ ಇದು ಗೊತ್ತಿತ್ತು. ಔರಾದ ತಾಲೂಕಿನ ನಮ್ಮ ಹೊಲದಿಂದ ಬಂದ ದಿನ ಅವರು ಊಟಕ್ಕೆ ಕೂಡ್ರುವ ಮೊದಲು ಒಂದು ಬಿದಿರಿನ ಸೀಳು ಹಿಡಿದು ಗಾಡಿಯ ಕೆಳಗೆ ತೂರಿಕೊಳ್ಳುತ್ತಿದ್ದರು. ಮಣ್ಣು ಕೆರೆದು, ನೀರು ಹೊಯ್ದು, ಒಣಗಿದ ಮೇಲೆ ಎಣ್ಣೆ ಸವರುವರು. ಚಿಕ್ಕಂದಿನಲ್ಲಿ ಬಂಡಿಯ ಅಚ್ಚಿಗೆ ಕೀಲೆಣ್ಣೆ ಹಾಕಿ ರೂಢಿಯಾದ ಕೈ ಅದು. “ಗಾಡೀ ಮಾರೀ ಎಲ್ಲಾರೂ ನೋಡ್ತಾರ, ಹೊಟ್ಟೀ ನೋಡವರು ಯಾರು?” ಎಂದು ಅವರು ಅನ್ನುತ್ತಿದ್ದರು.

2018ರ ಅಕ್ಟೋಬರ ತಿಂಗಳಲ್ಲಿ ನಾವು ದಂಪತಿಗಳು ಕೆನಡಾ ದೇಶದ ಟೊರೊಂಟೊ ನಗರದಲ್ಲಿರುವ ಮಗನ ಮನೆಗೆ ಹೋದೆವು. ಅವ್ವನನ್ನು ಭಾಲ್ಕಿಯಲ್ಲಿ ಸೋದರಮಾವನ ಮನೆಗೆ ಬಿಟ್ಟು, ಫಿಯಾಟಿಗೆ ಒಳ್ಳೆಯ ತಾಡಪತ್ರಿಯನ್ನು ಬಿಗಿಯಾಗಿ ಹೊದಿಸಿ ಹೋಗಿದ್ದೆವು. ಅಲ್ಲಿ ಹಿಮ ಬೀಳುವ ಸೂಚನೆ ಬಂದೊಡನೆ ದೊಡ್ಡ ದೊಡ್ಡ ಲಾರಿಗಳು ರಸ್ತೆಯ ಮೇಲೆ ಉಪ್ಪು ಎರಚುತ್ತ ಹೊರಡುವದನ್ನು ಕಂಡು ನಾನು ಬೆರಗಾದೆನು. ಉಪ್ಪು ಚೆಲ್ಲಬಾರದೆಂದು ಕೇಳುತ್ತ ಬೆಳೆದವನು ನಾನು. ಅಲ್ಲಿ ಲಾರಿಗಟ್ಟಲೆ ಚೆಲ್ಲುತ್ತಾರೆ! ಅದೇ ಪ್ರಾಂತದ ಗೋಡರಿಚ್ ಎಂಬ ಊರಿನಲ್ಲಿ, ಹ್ಯೂರನ್ ಸರೋವರದ ಅಡಿಯಲ್ಲಿ, 500 ಮೀಟರಿಗೂ ಹೆಚ್ಚು ಆಳದಲ್ಲಿ ಉಪ್ಪಿನ ದೊಡ್ಡ ಗಣಿಯಿದೆಯಂತೆ. ಉಪ್ಪು ಬೆರೆತ ನೀರು ಶೂನ್ಯದಲ್ಲಿ ಹೆಪ್ಪುಗಟ್ಟುವದಿಲ್ಲವಾದ್ದರಿಂದ ರಸ್ತೆಯ ಮಂಜುಗಡ್ಡೆ ಕರಗಿ ಗಾಡಿಗಳು ಜಾರದೆ ಹೋಗುತ್ತವೆ. ಶೂನ್ಯಕ್ಕಿಂತ ಸುಮಾರು 9 ಅಂಶ ಕೆಳಗಿನವರೆಗೆ ಈ ಉಪಾಯ ಚೆನ್ನಾಗಿ ನಡೆಯುತ್ತದೆ; ಅದಕ್ಕೂ ಮಿಕ್ಕಿದ ಚಳಿಯಲ್ಲಿ ಬರಿಯ ಉಪ್ಪಿನ ಆಟ ಹೆಚ್ಚು ಸಾಗದು.

ಜನರ ಜೀವ ಉಳಿಸುವ ಆ ಉಪ್ಪೇ ಗಾಡಿಯ ಜೀವ ತಿನ್ನುತ್ತದೆ. ನೀರು ಮತ್ತು ಗಾಳಿ ಕೂಡಿದರೆ ಕಬ್ಬಿಣಕ್ಕೆ ಜಂಗು ಹಿಡಿಯುವದು ಎಲ್ಲರಿಗೂ ಗೊತ್ತು. ಉಪ್ಪು ಬೆರೆತ ನೀರಿನಲ್ಲಿ ವಿದ್ಯುತ್ತು ಸಲೀಸಾಗಿ ಹರಿಯುವದರಿಂದ ಆ ಕೆಲಸ ಬಹಳ ಬಿರುಸಾಗುತ್ತದೆ. ಮಗನ ಗಾಡಿ ಕೊಂಡು ಏಳು ವರುಷ ಕೂಡ ಆಗಿರಲಿಲ್ಲ. ಬಾಗಿಲ ಕೆಳಗಿನ ಅಂಚು ಬೆರಳಿನಿಂದ ಒತ್ತಿದರೆ ಹಪ್ಪಳದಂತೆ ಮುರಿಯಿತು. ನನಗೆ ಸಿಟ್ಟು ಬಂದಿತು. ಅಜ್ಜನ ಬಿದಿರಿನ ಸೀಳಿನ ಕಥೆಯನ್ನು ಅವನಿಗೆ ಮತ್ತೊಮ್ಮೆ ಹೇಳಿದೆನು. “ಅಪ್ಪಾ, ಇಲ್ಲಿ ಎಲ್ಲಾರ ಗಾಡೀನೂ ಹಿಂಗೇ. ಹತ್ತು ವರ್ಷ ಓಡಿದ್ರ ಸಾಕು” ಎಂದನು. ವಾರಕ್ಕೊಮ್ಮೆ ಗಾಡಿಯ ಅಡಿಯನ್ನು ನೀರಿನಿಂದ ತೊಳೆಸಬೇಕು, ಚಳಿಗಾಲಕ್ಕೆ ಮೊದಲು ಅಡಿಗೆಲ್ಲ ಎಣ್ಣೆ ಹೊಡೆಯಿಸಬೇಕು, ಎಂದು ಅವನ ನೆರೆಯವರೊಬ್ಬರು ನನ್ನ ಪಕ್ಷ ವಹಿಸಿದರು. ರಾತ್ರಿ ಗಾಡಿಯನ್ನು ಬೆಚ್ಚಗಿನ ಒಳಮನೆಯಲ್ಲಿ ನಿಲ್ಲಿಸು ಎಂದು ನಾನು ಹೇಳಿದ್ದು ಮಾತ್ರ ತಪ್ಪಾಯಿತು. ಹೊರಗಿನ ಕಡುಚಳಿಯಲ್ಲಿ ಉಪ್ಪು ಮಲಗಿರುತ್ತದಂತೆ. ಬೆಚ್ಚಗಾದರೆ ಹಿಮ ಕರಗಿ ಅದು ಎದ್ದು ಕೆಲಸಕ್ಕೆ ಹತ್ತುತ್ತದಂತೆ. ಈ ಒಂದು ವಿಷಯದಲ್ಲಿ ಮಗನು ಗೆದ್ದನು. ಉಳಿದುದರಲ್ಲೆಲ್ಲ ನಾನು ಗೆದ್ದೆನೆಂದು ತಿಳಿದು ಹಿಗ್ಗಿನಿಂದ 2019ರ ಮಾರ್ಚಿನಲ್ಲಿ ಬೀದರಕ್ಕೆ ಮರಳಿದೆನು.

ತಾಡಪತ್ರಿ ತೆಗೆದೆ. ಫಿಯಾಟು ಮದುಮಗಳಂತೆ ಹೊಳೆಯುತ್ತಿತ್ತು. ಹಿಂದಿನ ಡಿಕ್ಕಿಯನ್ನು ಎತ್ತಿದೆನು.

ಅಲ್ಲಿ ಒಂದು ಗೋಣಿಚೀಲ, ಅರ್ಧ ಕುಸಿದು ಕುಳಿತಿತ್ತು.

ವಾಚಕರೆ, ಆ ಚೀಲದ ಕಥೆ ಹೀಗಿದೆ. ಹೊಲದ ಮನೆಯಲ್ಲಿ ನಮಗೆ ಎರಡು ಜೋಡಿ ದೇವಣಿ ಎತ್ತುಗಳಿವೆ. ಅವುಗಳ ಮೇವಿಗೆಂದು ಕಳೆದ ಮೃಗಶಿರ ಮಳೆಯ ಹೊತ್ತಿಗೆ ಎರಡು ಚೀಲ ಹರಳುಪ್ಪು ಕೊಂಡು ಔರಾದದ ದಾರಿ ಹಿಡಿದಿದ್ದೆನು. ಹೊಲದ ದಾರಿಯಲ್ಲಿ ಹಳ್ಳ ಬಂದು, ಒಂದು ಚೀಲವನ್ನು ಆಳಿನ ತಲೆಯ ಮೇಲೆ ದಾಟಿಸಿ, ಇನ್ನೊಂದನ್ನು ‘ನಾಳೆ ತಂದರಾಯಿತು’ ಎಂದು ಹಿಂದಕ್ಕೆ ತಂದೆನು. ಆ ನಾಳೆ ಬರಲೇ ಇಲ್ಲ. “ಉಪ್ಪಿನ ಚೀಲ ಇಳಸೋ” ಎಂದು ಅವ್ವ ಎರಡು ಸಲ ಹೇಳಿದಳು. ಪರದೇಶದ ಕಾಗದಪತ್ರಗಳ ಗಡಿಬಿಡಿಯಲ್ಲಿ ನನ್ನ ತಲೆ ಇತ್ತು. ಗಾಳಿಯ ತೇವ ನೂರಕ್ಕೆ 75ರ ಮೇಲೆ ಏರಿತೆಂದರೆ ಉಪ್ಪು ತಾನೇ ನೀರು ಸೆಳೆದುಕೊಂಡು ಕರಗತೊಡಗುತ್ತದೆ. ನಮ್ಮ ಮಳೆಗಾಲದಲ್ಲಿ ಆ ತೇವಕ್ಕೆ ಕೊರತೆಯಿಲ್ಲ. ಉಪ್ಪು ತಿಂದವನು ನೀರು ಕುಡಿಯಲೇಬೇಕಲ್ಲವೆ? ನನ್ನ ಗಾಡಿ ತಿಂಗಳುಗಟ್ಟಲೆ ಕುಡಿದಿತ್ತು. ಹೊರಗೆ ಆರಿಹೋಗಬೇಕಾದ ತೇವವನ್ನು ನಾನು ಕಾಳಜಿಯಿಂದ ಹೊದಿಸಿದ ತಾಡಪತ್ರಿಯೇ ಒಳಗೆ ತಡೆದು ಹಿಡಿದಿತ್ತು. ಚೀಲ ಎತ್ತಿ, ರಬ್ಬರಿನ ಹಾಸು ಸರಿಸಿದರೆ ತೂತಿನೊಳಗಿಂದ ಅಂಗಳದ ಫರ್ಸಿಯ ನೆಲ ಕಾಣಿಸಿತು.

ಹಿಮ ಕಾಣದ ಊರಿನಲ್ಲಿ ನನ್ನ ಮೋಟಾರಿಗೆ ಟೊರೊಂಟೊದ ರೋಗ ಬಂದುದನ್ನು ಮಗನಿಗೆ ನಾನು ಕೂಡಲೆ ತಿಳಿಸಲಿಲ್ಲ. ಮೂರು ವಾರದ ಮೇಲೆ ನನ್ನ ಹೆಂಡತಿ ತಿಳಿಸಿದಳು.

ತೀರ್ಥರೂಪರ ಕಾಲದಿಂದ ಆ ಗಾಡಿಯನ್ನು ಬಲ್ಲ ವೃದ್ಧ ಮಿಸ್ತ್ರಿಯೊಬ್ಬರು ಬಂದು, ಕೆಳಗೆ ಮಲಗಿ, ಸುತ್ತಿಗೆಯಿಂದ ಅಲ್ಲಲ್ಲಿ ಬಡಿದು ಕಿವಿಗೊಟ್ಟು ಕೇಳಿದರು. ಗಟ್ಟಿ ಪತ್ರಾ ಟಣ್ ಅನ್ನುತ್ತದೆ. ಜಂಗು ತಿಂದದ್ದು ಬೊದ್ ಅನ್ನುತ್ತದೆ. ಹಿಂದಿನ ಆಸನದ ತನಕ ಅದು ಬೊದ್ ಅಂದಿತು. “ಮಾಸ್ತರ ಸಾಹೇಬರೆ, ಈ ಗಾಡೀಗಿ ಬ್ಯಾರೇ ಚೌಕಟ್ಟಿಲ್ಲ. ಮೈಯೇ ಎಲುಬು. ಇದು ಸರಿ ಆಗೂ ತನಕ ಅಮ್ಮಾರಿಗಿ ಕೂಡಸಬ್ಯಾಡ್ರಿ” ಎಂದರು. ಆ ಮಾತು ನನಗೆ ಚೆನ್ನಾಗಿ ನಾಟಿತು.

ಕೆಟ್ಟ ಪತ್ರಾವನ್ನೆಲ್ಲ ಕತ್ತರಿಸಿ, ಉಳಿದುದನ್ನು ಸಿಹಿನೀರಿನಿಂದ ಮೂರು ಸಲ ತೊಳೆದು ಬಿಸಿಲಿಗೆ ಒಣಗಿಸಿದರು. ಉಪ್ಪಿನ ಕಣ ಉಳಿದರೆ ಬಣ್ಣದ ಕೆಳಗೂ ಜಂಗು ಬೆಳೆಯುತ್ತದೆ. ಬಳಿಕ ಹೊಸ ಪತ್ರಾ ಬೆಸೆದು, ಸತುವಿನ ಬಣ್ಣ ಬಳಿದರು. ಕಬ್ಬಿಣಕ್ಕೆ ಸತುವನ್ನು ಹೊದಿಸಿದರೆ ಸತುವು ಮೊದಲು ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ. ಸತುವಿನ ಗುಣ ಬೀದರದವರಿಗೆ ಹೇಳಿಕೊಡಬೇಕಾಗಿಲ್ಲ. ನಮ್ಮ ಬಿದರಿ ಪಾತ್ರೆಗಳ ಮೈಯೆಲ್ಲ ಸತುವೇ, ತಾಮ್ರ ಅತ್ಯಲ್ಪ. ಬೆಳ್ಳಿಯ ಕುಸುರಿ ಕೂಡಿಸಿದ ಮೇಲೆ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಬೆರೆಸಿ ಅದರಿಂದ ಪಾತ್ರೆಯನ್ನು ಕಪ್ಪಾಗಿಸುತ್ತಾರೆ. ನವಸಾಗರವೂ ಒಂದು ಬಗೆಯ ಉಪ್ಪೇ. ಅದು ಸತುವನ್ನು ಕಾಡಿಗೆಗಪ್ಪು ಮಾಡಿ ಬೆಳ್ಳಿಯನ್ನು ಮುಟ್ಟದೆ ಬಿಡುತ್ತದೆ. ಮಿಸ್ತ್ರಿಯವರೊಡನೆ ಈ ಮಾತು ತೆಗೆದಾಗ, “ಅವರು ಉಪ್ಪು ಹಚ್ಚಿ ಅಲ್ಲೇ ಕುಂತಿರ್ತಾರ ಸಾಹೇಬರೆ, ನೀವು ಹಚ್ಚಿ ವಿಲಾಯತಿಗಿ ಹೋದ್ರಿ” ಎಂದು ನಕ್ಕರು.

ಈ ದುರಸ್ತಿ ಐದು ವಾರ ಹಿಡಿಯಿತು. ಭಾಲ್ಕಿಯಿಂದ ಅವ್ವನನ್ನು ಕರೆತರಲು ಬೇರೊಂದು ಗಾಡಿ ಒಯ್ದರೆ ಆಕೆ ಹೊಸ್ತಿಲು ದಾಟಲಿಲ್ಲ. “ಅವರ ಗಾಡಿ ಎಲ್ಲಿ?” ಎಂದಳು. ಸಣ್ಣ ಕೆಲಸಕ್ಕೆ ಬಿಟ್ಟಿದೆ ಎಂದೆನು. ಅರವತ್ತೆರಡು ವಯಸ್ಸಿನ ನಾನು ಬಾಲಕನಂತೆ ಆಕೆಯ ಮುಖ ನೋಡಲಾರದೆ ನಿಂತೆನು. ಅವ್ವ ತುಸು ಹೊತ್ತು ಸುಮ್ಮನಿದ್ದು, “ಉಪ್ಪು ಇಳಸಿದ್ದಿಲ್ಲೇನು?” ಎಂದು ಕೇಳಿದಳು. ಮತ್ತೇನೂ ಅನ್ನಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಗಾಡಿ ಸಿದ್ಧವಾದ ದಿನ ನಾನೇ ನಡೆಸಿಕೊಂಡು ಭಾಲ್ಕಿಗೆ ಹೋದೆನು. ಅವ್ವ ಹಣೆಗೆ ವಿಭೂತಿ ಹಚ್ಚಿಕೊಂಡು ತನ್ನ ಆಸನದಲ್ಲಿ ಕುಳಿತಳು. ಸೋದರಮಾವನ ಸೊಸೆಯು ಮಾವಿನ ಉಪ್ಪಿನಕಾಯಿಯ ಭರಣಿಯೊಂದನ್ನು ಬಟ್ಟೆ ಕಟ್ಟಿ ತಂದಳು. ನಾನು ಅದನ್ನು ಇಸಿದುಕೊಂಡು ಡಿಕ್ಕಿಯ ಕಡೆಗೆ ಹೊರಟಿದ್ದೆನು.

“ಇಲ್ಲಿ ಕೊಡು” ಎಂದಳು ಅವ್ವ. ಬೀದರದವರೆಗೆ, ಸುಮಾರು 40 ಕಿಲೋಮೀಟರು, ಆ ಭರಣಿಯನ್ನು ಆಕೆ ತನ್ನ ತೊಡೆಯ ಮೇಲೆ ಎರಡೂ ಕೈಗಳಿಂದ ಹಿಡಿದುಕೊಂಡೇ ಬಂದಳು.