ಗೊರಗೊರ ಸದ್ದಿಗೂ ಒಂದು ಅಳತೆ

ಮಕ್ಕಳೇ, ಮಳೆಯನ್ನು ಮಿಲಿಮೀಟರಿನಲ್ಲಿ, ಜ್ವರವನ್ನು ಡಿಗ್ರಿಯಲ್ಲಿ ಅಳೆಯುತ್ತೇವೆ. ರೇಡಿಯೊದಲ್ಲಿ ಕೇಳಿಬರುವ ‘ಗೊರ್ರ್’ ಸದ್ದಿನ ತೊಂದರೆಯನ್ನು ಅಳೆಯಬಹುದೇ? ಅಳೆಯಬಹುದು. ಅದಕ್ಕೆ ದುಬಾರಿ ಉಪಕರಣವೇನೂ ಬೇಕಿಲ್ಲ.

ಒಮ್ಮೆ ವಿಜ್ಞಾನ ಮೇಳದಲ್ಲಿ ಏಳನೆಯ ತರಗತಿಯ ಹುಡುಗಿಯೊಬ್ಬಳು ನನ್ನ ಬಳಿ ಬಂದು, “ಸಾರ್, ನಮ್ಮ ತಾತನ ರೇಡಿಯೊ ಸಂಜೆ ಹೊತ್ತು ಮಾತ್ರ ಗೊರ್ ಅನ್ನುತ್ತೆ. ಕೆಟ್ಟುಹೋಗಿದೆ ಅಂತ ಗುಜರಿಗೆ ಹಾಕ್ತಾರಂತೆ” ಎಂದಳು. ತಾತನಿಗೆ ಕಣ್ಣು ಮಂಜು. ವಾರ್ತೆಗೂ ಕೃಷಿ ಕಾರ್ಯಕ್ರಮಕ್ಕೂ ಆ ರೇಡಿಯೊವೇ ಆಧಾರ. ‘ಸಂಜೆ ಮಾತ್ರ’ ಎಂಬ ಅವಳ ಮಾತು ನನ್ನ ಗಮನ ಸೆಳೆಯಿತು. ಸಂಜೆ ಮನೆಯಲ್ಲಿ ಹೊಸದಾಗಿ ಏನು ನಡೆಯುತ್ತದೆ? ದೀಪ ಹಾಕುತ್ತಾರೆ!

ಅಂದು ಸಂಜೆ ನಾಲ್ಕೈದು ಮಕ್ಕಳೊಂದಿಗೆ ಅವರ ಮನೆಗೆ ಹೋದೆ. ಶೆಲ್ಲಿನಿಂದ ನಡೆಯುವ ಆ ರೇಡಿಯೊವನ್ನು ಮಧ್ಯಮ ತರಂಗದಲ್ಲಿ ಯಾವ ಕೇಂದ್ರವೂ ಕೇಳಿಸದ ಕಡೆ ಇಟ್ಟೆವು. ಗೋಡೆಯ ಎಲ್‌ಇಡಿ ಬಲ್ಬು ಉರಿಯುತ್ತಿತ್ತು. ಹುಡುಗಿ ರೇಡಿಯೊ ಹಿಡಿದು ದೂರದಿಂದ ಬಲ್ಬಿನತ್ತ ನಿಧಾನವಾಗಿ ನಡೆದಳು. ‘ಗೊರ್’ ಶುರುವಾದ ಕಡೆ ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದೆವು. ಮೂರು ಸಲದ ದೂರ 110, 120, 115 ಸೆಂಟಿಮೀಟರ್. ಸರಾಸರಿ 115. ಬಲ್ಬು ಆರಿಸಿದೆವು, ಸದ್ದು ನಿಂತಿತು. ಬೇರೊಂದು ಬಲ್ಬು ಹಾಕಿ ನೋಡಿದಾಗ ಸರಾಸರಿ 35 ಸೆಂಟಿಮೀಟರ್ ಮಾತ್ರ! ರೇಡಿಯೊ ಸರಿಯಾಗಿಯೇ ಇತ್ತು. ಗುಜರಿಗೆ ಹೋಗುವುದು ತಪ್ಪಿತು.

ಇದಕ್ಕೆ ಕಾರಣವೇನು? ಎಲ್‌ಇಡಿ ಬಲ್ಬಿನೊಳಗೆ ಒಂದು ಪುಟ್ಟ ಮಂಡಲವಿದೆ. ಹಲವು ಬಲ್ಬುಗಳಲ್ಲಿ ಅದು ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಬಾರಿ ಹರಿಸಿ ನಿಲ್ಲಿಸುತ್ತಿರುತ್ತದೆ. ಆಗ ರೇಡಿಯೊ ತರಂಗಗಳು ಹೊಮ್ಮುತ್ತವೆ. ಅವು ಮಗ್ಗಿಯಂತೆ ಬೆಳೆಯುತ್ತವೆ. ಉದಾಹರಣೆಗೆ, ಮೂಲ ಆವೃತ್ತಿ 51 ಕಿಲೋಹರ್ಟ್ಸ್ ಆಗಿದ್ದರೆ 102, 153 ಹೀಗೆ ಅದರ ಗುಣಕಗಳೂ ಹುಟ್ಟುತ್ತವೆ. ಹನ್ನೆರಡನೆಯದು 612. ಇದು ಬೆಂಗಳೂರು ಆಕಾಶವಾಣಿಯ ಮಧ್ಯಮ ತರಂಗದ ಆವೃತ್ತಿ! ಒಳ್ಳೆಯ ಬಲ್ಬುಗಳಲ್ಲಿ ಈ ತರಂಗಗಳನ್ನು ತಡೆಯುವ ಬಿಡಿಭಾಗಗಳಿರುತ್ತವೆ.

ನೀವೂ ಮಾಡಿ ನೋಡಿ. ಬಲ್ಬು, ಮೊಬೈಲ್ ಚಾರ್ಜರ್, ಟಿವಿ ಇವುಗಳನ್ನು ಒಂದೊಂದಾಗಿ ಪರೀಕ್ಷಿಸಿ. ಉಳಿದವು ಆರಿರಲಿ. ರೇಡಿಯೊದ ಸದ್ದಿನ ಮಟ್ಟ ಬದಲಿಸಬೇಡಿ. ಅದರ ಮುಖವೂ ಒಂದೇ ದಿಕ್ಕಿಗಿರಲಿ, ಏಕೆಂದರೆ ರೇಡಿಯೊವನ್ನು ತಿರುಗಿಸಿದರೂ ಸದ್ದು ಹೆಚ್ಚು ಕಡಿಮೆಯಾಗುತ್ತದೆ. ಪ್ರತಿಯೊಂದನ್ನೂ ಮೂರು ಬಾರಿ ಅಳೆದು ಪಟ್ಟಿ ಮಾಡಿ. ಶೆಲ್ಲಿನ ರೇಡಿಯೊವನ್ನೇ ಬಳಸಿ. ಬಲ್ಬು, ಹೋಲ್ಡರ್ ಮುಟ್ಟಬೇಡಿ. ಬದಲಿಸುವ ಕೆಲಸ ದೊಡ್ಡವರಿಗಿರಲಿ.

ಮನೆಯಲ್ಲಿ ಯಾವುದಾದರೂ ‘ಕೆಟ್ಟಿದೆ’ ಎಂದರೆ ಮೊದಲು ಕೇಳಿ: ಯಾವಾಗ? ಎಷ್ಟು ದೂರದಲ್ಲಿ?